ಬಿಡುಗಡೆಗೆ ಮೊದಲೇ ಚಿಪ್ ಕಂಪನಿಗಳಾದ ಇಂಟೆಲ್, ಎಎಂಡಿ ಹೇಳುವ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ವೇಗವನ್ನು ನಂಬಬಹುದೇ?

ಪೂರ್ತಿ ನಂಬಬೇಡಿ. ಚಿಪ್ ತಯಾರಾಗಿ ಕೈಗೆ ಬರುವವರೆಗೆ ಅದರ ನಿಜವಾದ ವೇಗ ಮಾಡಿದವರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ಪ್ರೊಸೆಸರ್ ಎಷ್ಟು ಚುರುಕು ಎಂಬುದು ಎರಡರ ಮೇಲೆ ನಿಂತಿದೆ: ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕಿನ ಒಂದು ಬಡಿತಕ್ಕೆ ಅದು ಮುಗಿಸುವ ಕೆಲಸ, ಮತ್ತು ಸೆಕೆಂಡಿಗೆ ಎಷ್ಟು ಬಡಿತ ಎಂಬುದು, ಅಂದರೆ ಗಿಗಾಹರ್ಟ್ಸ್. ಮೊದಲನೆಯದನ್ನು ವಿನ್ಯಾಸದ ಹಂತದಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಂದಾಜು ಮಾಡಬಹುದು. ಎರಡನೆಯದು ಹಾಗಲ್ಲ. ಸಿಲಿಕಾನ್ ಮೇಲೆ ಚಿಪ್ ಮೂಡಿ, ಅದು ಎಷ್ಟು ವಿದ್ಯುತ್ ಎಳೆಯುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ನೋಡಿದ ಮೇಲೆಯೇ ಅದು ತೀರ್ಮಾನವಾಗುವುದು.

2007ರ ಆರಂಭದಲ್ಲಿ ಎಎಂಡಿ, ತನ್ನ ಬಾರ್ಸಿಲೋನಾ ಸರ್ವರ್ ಚಿಪ್ ಇಂಟೆಲ್‌ನ ನಾಲ್ಕು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಚಿಪ್‌ಗಿಂತ ಹಲವು ಕೆಲಸಗಳಲ್ಲಿ ಶೇ 40ರಷ್ಟು ಮುಂದಿರುತ್ತದೆ ಎಂದಿತ್ತು. ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ಅದು ಮುಟ್ಟಿದ್ದು 2 ಗಿಗಾಹರ್ಟ್ಸ್ ಮಾತ್ರ. ಇಂಟೆಲ್ ಆ ಹೊತ್ತಿಗೆ 3ಕ್ಕೆ ಬಂದಿತ್ತು. ಬಡಿತವೇ ಕಡಿಮೆಯಾದರೆ ಒಳ್ಳೆಯ ವಿನ್ಯಾಸವೂ ಏನು ಮಾಡೀತು?

ಹಾಗಂತ ಎಲ್ಲವೂ ಬುರುಡೆಯಲ್ಲ. 2006ರ ಮಾರ್ಚ್‌ನಲ್ಲಿ ಇಂಟೆಲ್ ತನ್ನ ಕೋರ್ 2 ಚಿಪ್ಪನ್ನು ಎಎಂಡಿಯ ಅಥ್ಲಾನ್ ಪಕ್ಕದಲ್ಲಿಟ್ಟು ಓಡಿಸಿ ತೋರಿಸಿತು. ಜುಲೈನಲ್ಲಿ ಹೊರಗಿನವರು ಪರೀಕ್ಷಿಸಿದಾಗಲೂ ಕೋರ್ 2 ಗೆದ್ದಿತು. ಇಂಟೆಲ್ ಕೈಯಲ್ಲಿದ್ದದ್ದು ಓಡುತ್ತಿದ್ದ ಚಿಪ್. ಎಎಂಡಿ ಹೇಳಿದ್ದು ಅಂದಾಜು.