ಒಪ್ಪಂದದಲ್ಲಿ ಬರೆದಿದ್ದರೂ ಪೂರ್ಣಾವಧಿಯ ಕಾಂಬಿನೇಷನ್ ಕೆಲಸ ಕೈತಪ್ಪುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನಿಮ್ಮ ತಮ್ಮ ಅಮೆರಿಕದ ಇಲಿನಾಯ್‌ನಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಗೋದಾಮಿನಲ್ಲಿ ಬೆಳಗಿನ ಜಾವದ ಅರೆಕಾಲಿಕ ಕೆಲಸದಲ್ಲಿದ್ದಾನೆ, ಪೂರ್ಣಾವಧಿಯ ಕಾಂಬಿನೇಷನ್ ಕೆಲಸಕ್ಕಾಗಿ (ಎರಡು ಅರೆಕಾಲಿಕ ಪಾಳಿ ಜೋಡಿಸಿದ ಹುದ್ದೆ) ಕಾಯುತ್ತಿದ್ದಾನೆ, ಜೊತೆಯ ಹಿರಿಯರು ಮಾತ್ರ ಅದರ ಆಸೆ ಬಿಡು ಎನ್ನುತ್ತಿದ್ದಾರೆ. ಯೂನಿಯನ್ ಸಹಿ ಹಾಕಿಸಿಕೊಂಡ ಕೆಲಸ ಮಾಯವಾಗುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಈ ದೇಶದಲ್ಲಿ ಪಾರ್ಸೆಲ್ ಗೋದಾಮಿನ ಬೆಲ್ಟಿನ ಪಕ್ಕ ಹಲವು ವರ್ಷ ನಿಂತವನು, ಟೀಮ್‌ಸ್ಟರ್ಸ್ ಯೂನಿಯನ್ನಿನ ಸದಸ್ಯ. ಹಾಗಾಗಿ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ನಮ್ಮೂರಿನ ಖಾಯಂ–ಗುತ್ತಿಗೆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಪೀಣ್ಯದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನಿಗೆ ಸಂಬಳ ಕೊಡುವವನು ನಡುವಿನ ಗುತ್ತಿಗೆದಾರ. ನಿಮ್ಮ ತಮ್ಮ ಹಾಗಲ್ಲ. ಅರೆಕಾಲಿಕನಾದರೂ ಕಂಪನಿಯ ನೇರ ನೌಕರ, ಯೂನಿಯನ್ ಸದಸ್ಯ. ಸೇವಾ ಹಿರಿತನವಿದೆ, ಆರೋಗ್ಯ ವಿಮೆಯೂ ಸಿಗುತ್ತದೆ. ಇಲ್ಲದಿರುವುದು ಗಂಟೆಗಳು. ದಿನಕ್ಕೆ ಮೂರೂವರೆ ಗಂಟೆಯ ಕೆಲಸಕ್ಕಷ್ಟೇ ಖಾತರಿ. ಕಂಪನಿ ಮತ್ತು ಯೂನಿಯನ್ ನಡುವಿನ 2023ರ ಒಪ್ಪಂದದಲ್ಲಿ ಅರೆಕಾಲಿಕರ ಆರಂಭದ ಕೂಲಿ ಗಂಟೆಗೆ 21 ಡಾಲರ್ ಆಯಿತು. ಕೇಳಲು ಚೆನ್ನಾಗಿದೆ, ಮೂರೂವರೆಯಿಂದ ಗುಣಿಸಿ, ಷಿಕಾಗೋ ಸುತ್ತಲಿನ ಮನೆ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿ.

ಕಾಂಬಿನೇಷನ್ ಕೆಲಸವೆಂದರೆ ಇಂಥ ಎರಡು ಅರ್ಧಗಳನ್ನು ಸೇರಿಸಿ ಎಂಟು ಗಂಟೆಯ ಒಂದೇ ಹುದ್ದೆ ಮಾಡಿರುವುದು. ಒಪ್ಪಂದದ 22ನೇ ವಿಧಿಯ 3ನೇ ಕಲಮಿನಲ್ಲಿ ಬರುವುದರಿಂದ ಗೋದಾಮಿನವರ ಬಾಯಲ್ಲಿ ಅದು ‘ಟ್ವೆಂಟಿಟೂ ತ್ರೀ’. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಪ್ರಿಲೋಡ್ ಪಾಳಿ. ಬೆಲ್ಟಿನ ಮೇಲೆ ಡಬ್ಬಿಗಳು ಸಾಲುಗಟ್ಟಿ ಬರುತ್ತವೆ; ಪ್ರತಿಯೊಂದಕ್ಕೂ ಯಾವ ಗಾಡಿ, ಗಾಡಿಯೊಳಗೆ ಯಾವ ಜಾಗ ಎಂದು ತಿಳಿಸುವ ಚೀಟಿ ಅಂಟಿರುತ್ತದೆ. ಕಂದು ಗಾಡಿಯೊಳಗಿನ ಕಪಾಟುಗಳಿಗೆ 1000ದಿಂದ 8000ದವರೆಗೆ ಅಂಕಿಗಳಿವೆ. ಒಬ್ಬನೇ ಮೂರು ನಾಲ್ಕು ಗಾಡಿ ತುಂಬಬೇಕು. ನಾಯಿಯ ಆಹಾರದ ಮೂಟೆ, ಕಾರಿನ ಟೈರು, ಮದುವೆಯ ಉಡುಗೆಯ ಪೆಟ್ಟಿಗೆ ಎಲ್ಲವೂ ಒಟ್ಟೊಟ್ಟಿಗೆ ಬರುತ್ತವೆ. ಬೆಲ್ಟು ಯಾರಿಗೂ ಕಾಯುವುದಿಲ್ಲ. ಅದು ಮುಗಿದ ಮೇಲೆ ಅರೆಕಾಲಿಕ ಮನೆಗೆ ಹೋಗುತ್ತಾನೆ, ಇಲ್ಲವೇ ಇನ್ನೊಂದು ಕಂಪನಿಯ ಇನ್ನೊಂದು ಅರ್ಧ ಕೆಲಸಕ್ಕೆ ಓಡುತ್ತಾನೆ. ಕಾಂಬಿನೇಷನ್‌ನವನು ಅಲ್ಲೇ ಉಳಿದು ತನ್ನ ಎರಡನೇ ಅರ್ಧಕ್ಕೆ ಹೊರಳುತ್ತಾನೆ. ವಿಮಾನದಲ್ಲಿ ಬಂದ ತುರ್ತು ಪಾರ್ಸೆಲ್ ತಲುಪಿಸುವುದು, ತಪ್ಪು ವಿಳಾಸ ಸರಿಪಡಿಸುವುದು, ಗಾಡಿ ತೊಳೆಯುವುದು, ಹೀಗೆ ಏನಾದರೊಂದು. ಎಂಟು ಗಂಟೆಯ ಸಂಬಳ ಖಾತರಿ, ಪಿಂಚಣಿಯ ಲೆಕ್ಕವೂ ಪೂರ್ಣಾವಧಿಯವರದ್ದು.

ಕೆಲವರು ಎರಡು ಪಾಳಿ ಮಾಡುತ್ತಾರಲ್ಲ, ಅದೂ ಇದೂ ಒಂದೇ ಅಲ್ಲವೇ ಎಂದು ತಮ್ಮನೂ ಕೇಳಿರಬಹುದು. ಅಲ್ಲ. ಆ ಎರಡನೇ ಪಾಳಿ ಮೇಲ್ವಿಚಾರಕನ ಮರ್ಜಿ. ಡಿಸೆಂಬರಿನ ಹಬ್ಬದ ನೂಕುನುಗ್ಗಲಿನಲ್ಲಿ ಕರೆದು ಕೊಡುತ್ತಾರೆ, ಜನವರಿಯಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ.

ಈ ಹುದ್ದೆಗಳು ಪುಕ್ಕಟೆ ಸಿಕ್ಕಿದ್ದಲ್ಲ. 1997ರ ಆಗಸ್ಟ್ 4ರಂದು ಸುಮಾರು 1,85,000 ಟೀಮ್‌ಸ್ಟರ್ಸ್ ಸದಸ್ಯರು ಯುಪಿಎಸ್‌ನಲ್ಲಿ ಮುಷ್ಕರ ಹೂಡಿದರು. ಆಗ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕರು. ಅವರ ಆರಂಭದ ಕೂಲಿ 1982ರಿಂದ ಗಂಟೆಗೆ 8 ಡಾಲರಿನಲ್ಲೇ ನಿಂತಿತ್ತು. ಯೂನಿಯನ್ ಅಧ್ಯಕ್ಷ ರಾನ್ ಕೇರಿ ಸ್ವತಃ ಯುಪಿಎಸ್ ಗಾಡಿ ಓಡಿಸಿ ಬಂದವರು. ಪಾರ್ಸೆಲ್ ಬಾರದೆ ಪರದಾಡಿದ ಜನರೂ ಕಾರ್ಮಿಕರ ಪರವೇ ನಿಂತರು: ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 55 ಮಂದಿ ಮುಷ್ಕರದ ಕಡೆ, ಶೇ. 27 ಮಂದಿ ಕಂಪನಿಯ ಕಡೆ. ಸುಮಾರು ಎರಡು ವಾರಗಳಲ್ಲಿ ಕಂಪನಿ ಮಣಿದು, ಅರೆಕಾಲಿಕ ಕೆಲಸಗಳನ್ನು ಜೋಡಿಸಿ 10,000 ಪೂರ್ಣಾವಧಿ ಹುದ್ದೆ ಮಾಡಲು ಒಪ್ಪಿತು. ಒಪ್ಪಿದ್ದು ಬೇರೆ, ಕೊಟ್ಟಿದ್ದು ಬೇರೆ. ಮುಷ್ಕರದಿಂದ ವ್ಯವಹಾರ ಕುಗ್ಗಿತೆಂದು ಮರುವರ್ಷವೇ ಕಂಪನಿ ಕೈಯೆತ್ತಿತು. ಮಧ್ಯಸ್ಥಗಾರರ ತೀರ್ಪು ಯೂನಿಯನ್ ಪರ ಬರುವ ಹೊತ್ತಿಗೆ 2000ನೇ ಇಸವಿ ಬಂದಿತ್ತು. 2002ರ ಒಪ್ಪಂದದಲ್ಲಿ ಇನ್ನೂ 10,000 ಹುದ್ದೆಗಳ ಮಾತು ಸೇರಿತು. ಹಿರಿಯರು ಈಗ ಅನುಮಾನಿಸುವುದು ಸುಮ್ಮನೆ ಅಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. 2018ರಲ್ಲಿ ಅದೇ ವಿಧಿಯ 4ನೇ ಕಲಮಿನಲ್ಲಿ 22.4 ಎಂಬ ಇನ್ನೊಂದು ‘ಕಾಂಬಿನೇಷನ್’ ಹುಟ್ಟಿತ್ತು. ಅದು ಗಾಡಿ ಚಾಲಕರಲ್ಲೇ ಕಡಿಮೆ ಸಂಬಳದ ಎರಡನೇ ದರ್ಜೆ. ಮತ ಹಾಕಿದವರಲ್ಲಿ ಶೇ. 54 ಜನ ಬೇಡವೆಂದರೂ, ಮತದಾನ ಅರ್ಧಕ್ಕಿಂತ ಕಡಿಮೆಯಾದರೆ ತಿರಸ್ಕರಿಸಲು ಮೂರನೇ ಎರಡರಷ್ಟು ಮತ ಬೇಕೆಂಬ ಹಳೆಯ ನಿಯಮ ಹಿಡಿದು ಆಗಿನ ನಾಯಕತ್ವ ಒಪ್ಪಂದವನ್ನು ಹೇರಿತು. ಆ ಸಿಟ್ಟು 2021ರ ಯೂನಿಯನ್ ಚುನಾವಣೆಯಲ್ಲಿ ಹೊರಬಿದ್ದು, ಶಾನ್ ಓಬ್ರಿಯನ್ ಅಧ್ಯಕ್ಷರಾಗಿ ಗೆದ್ದರು, 2023ರಲ್ಲಿ 22.4 ರದ್ದಾಯಿತು. ‘ಕಾಂಬಿನೇಷನ್ ತೆಗೆದರಂತೆ’ ಎಂಬ ಸುದ್ದಿಯನ್ನು ತಮ್ಮ ಎಲ್ಲಾದರೂ ಓದಿದ್ದರೆ ಅದು ಇದಿರಬಹುದು. ಅದು ಹೋಗಿದ್ದಕ್ಕೆ ಯಾರೂ ಅಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಪ್ಪಂದದಲ್ಲಿ ಹುದ್ದೆಗಳ ಸಂಖ್ಯೆ ಇರುತ್ತದೆ. ಆದರೆ ಹುದ್ದೆ ನಿಂತಿರುವುದು ಎರಡು ಪಾಳಿಗಳ ಮೇಲೆ, ಅದೂ ಒಂದು ನಿರ್ದಿಷ್ಟ ಕಟ್ಟಡದಲ್ಲಿ. ಜೋಡೆತ್ತಿನಲ್ಲಿ ಒಂದು ಹೋದರೆ ಉಳಿದ ಒಂದರಿಂದ ನೇಗಿಲು ನಡೆಯುವುದಿಲ್ಲ. ಸಂಜೆಯ ವಿಂಗಡಣೆ ಪಾಳಿ ಮುಚ್ಚಿದರೆ ಅದಕ್ಕೆ ಜೋಡಿಸಿದ ಎಂಟು ಗಂಟೆಯ ಹುದ್ದೆಯ ಅರ್ಧ ಗಾಳಿಯಲ್ಲಿ. ಆ ನೌಕರ ಹಿರಿತನದ ಬಲದಿಂದ ಬೇರೆ ಕೆಲಸ ಹಿಡಿಯಬಹುದು, ದೂರದ ಕಟ್ಟಡಕ್ಕೂ ಹೋಗಬೇಕಾದೀತು. ಸಾಲಿನಲ್ಲಿ ಅವನ ಹಿಂದಿರುವ ನಿಮ್ಮ ತಮ್ಮನ ಸರದಿ ಅಷ್ಟು ಹಿಂದೆ ಸರಿಯುತ್ತದೆ. ಇದಕ್ಕಿಂತ ಸದ್ದಿಲ್ಲದ ದಾರಿಯೂ ಉಂಟು: ಒಬ್ಬರು ನಿವೃತ್ತರಾದಾಗ ಆ ಹುದ್ದೆಗೆ ಬಿಡ್ (ನೌಕರರಿಂದ ಅರ್ಜಿ ಕೇಳುವ ಪ್ರಕಟಣೆ) ಕರೆಯದೆ ಸುಮ್ಮನಿರುವುದು. ಯಾರನ್ನೂ ಮನೆಗೆ ಕಳುಹಿಸಿರುವುದಿಲ್ಲ, ಆದ್ದರಿಂದ ಯಾರೂ ಕೂಗುವುದಿಲ್ಲ. ನನ್ನನ್ನು ಕೇಳಿದರೆ ವಜಾಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಇದಕ್ಕೆ.

ಕಾಲವೂ ಅನುಕೂಲವಾಗಿಲ್ಲ. ಲಾಭ ಕಡಿಮೆಯೆಂದು ಅಮೆಜಾನ್ ಪಾರ್ಸೆಲ್‌ಗಳನ್ನು 2026ರ ನಡುವಿನೊಳಗೆ ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ ಯುಪಿಎಸ್ 2025ರ ಜನವರಿಯಲ್ಲಿ ಹೇಳಿತು. ಏಪ್ರಿಲ್‌ನಲ್ಲಿ 20,000 ಉದ್ಯೋಗ ಕಡಿತ, 73 ಕಟ್ಟಡಗಳ ಮುಚ್ಚುಗಡೆ ಪ್ರಕಟವಾಯಿತು. ಅಕ್ಟೋಬರ್ ಹೊತ್ತಿಗೆ ಕಂಪನಿಯೇ ಕೊಟ್ಟ ಲೆಕ್ಕ: ಕಾರ್ಯಾಚರಣೆಯಲ್ಲಿ 34,000, ಆಡಳಿತದಲ್ಲಿ 14,000 ಕಡಿತ. ಉಳಿದ ಕಟ್ಟಡಗಳಲ್ಲಿ ಯಂತ್ರಗಳು ಹೆಚ್ಚುತ್ತಿವೆ. ರೇಡಿಯೋ ಚಿಪ್ ಇರುವ ಚೀಟಿ ಬಂದ ಮೇಲೆ ಡಬ್ಬಿಗಳನ್ನು ಕೈಯಿಂದ ಸ್ಕ್ಯಾನ್ ಮಾಡುವ ಕೆಲಸವೂ ಕರಗುತ್ತಿದೆ. ಡಬ್ಬಿ ಕಡಿಮೆಯಾದರೆ ಪಾಳಿ ಕಡಿಮೆ ಎಂಬ ಕಂಪನಿಯ ವಾದ ಸುಳ್ಳೆಂದು ನಾನು ಹೇಳಲಾರೆ. ಆದರೆ 2023ರ ಒಪ್ಪಂದದಲ್ಲಿ 7,500 ಹೊಸ ಪೂರ್ಣಾವಧಿ ಹುದ್ದೆ ಸೃಷ್ಟಿಸುತ್ತೇವೆ, ಖಾಲಿ ಇರುವ 22,500 ತುಂಬುತ್ತೇವೆ ಎಂದು ಸಹಿ ಹಾಕಿದ್ದೂ ಅದೇ ಕಂಪನಿ. ಕಡಿತದ ಸುದ್ದಿ ಬಂದಾಗ ಓಬ್ರಿಯನ್ ನೆನಪಿಸಿದ್ದು ಈ ಎರಡೂ ಸೇರಿದ 30,000ವನ್ನೇ.

ತಮ್ಮನಿಗೆ ಹೇಳಿ: ತನ್ನ ಕಟ್ಟಡದಲ್ಲಿ ಈಗ ಎಷ್ಟು 22.3 ಹುದ್ದೆಗಳಿವೆ, ಯಾವುವು ಖಾಲಿ ಬಿದ್ದಿವೆ ಎಂದು ಕಟ್ಟಡದ ಯೂನಿಯನ್ ಪ್ರತಿನಿಧಿಯಾದ ಸ್ಟೀವರ್ಡ್ ಹತ್ತಿರ ಕೇಳಲಿ. ಅವರಿಗೆ ಗೊತ್ತಿರದಿದ್ದರೆ ಯೂನಿಯನ್ನಿನ ಸ್ಥಳೀಯ ಘಟಕವಾದ ಲೋಕಲ್‌ನ ಸಭೆಯಲ್ಲಿ ಎದ್ದು ನಿಂತು ಕೇಳಲಿ. ಹಿರಿಯರ ಗೊಣಗಾಟ ಊಟದ ಮೇಜಿನಲ್ಲೇ ಉಳಿದರೆ ದೂರು ದಾಖಲಾಗುವುದಿಲ್ಲ. ಹಿರಿತನದ ಪಟ್ಟಿಯಲ್ಲಿ ತನ್ನ ಸೇರ್ಪಡೆಯ ದಿನಾಂಕ ಸರಿಯಾಗಿದೆಯೇ ನೋಡಿಕೊಳ್ಳಲಿ. ಬೆನ್ನು, ಮೊಣಕಾಲು ಗಟ್ಟಿಯಿದ್ದರೆ ಚಾಲಕರ ಪಟ್ಟಿಗೂ ಹೆಸರು ಕೊಡಲಿ, ಒಂದೇ ಸಾಲಿನಲ್ಲಿ ನಿಲ್ಲುವುದು ಬೇಡ. ಈ ಒಪ್ಪಂದ 2028ರ ಜುಲೈ 31ರವರೆಗೆ ಇದೆ. ಅಲ್ಲಿಯವರೆಗೆ ಗೋಡೆಗೆ ಅಂಟಿಸುವ ಪ್ರತಿ ಬಿಡ್ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಲಿ, ದಿನಾಂಕ ಕಾಣುವಂತೆ.