ಪ್ರತಿ: ತಲೆನೋವಿಲ್ಲದ ದಿನವೂ ಪಟ್ಟೆ ಕಂಡರೆ ಯಾಕೆ ಹಿಂಸೆ?

ಕಣ್ಣಿನ ಪರೀಕ್ಷೆ ಸರಿಯಾಗಿದೆ, ಆದರೂ ಮೈಗ್ರೇನ್ ಇಲ್ಲದ ದಿನವೂ ಪಟ್ಟೆ ಅಂಗಿ, ಎಸ್ಕಲೇಟರ್ ಮೆಟ್ಟಿಲು ನೋಡೋಕಾಗಲ್ಲ, ಇದು ಭ್ರಮೆಯಾ ಅಂತ ಕೇಳಿದ್ದೀರಿ. ಭ್ರಮೆ ಅಲ್ಲ. ಇದರ ಮೂಲ ಕಣ್ಣಿಗಿಂತ ಹೆಚ್ಚಾಗಿ ಮಿದುಳಿನ ಹಿಂಭಾಗದ ದೃಷ್ಟಿ ಕೇಂದ್ರದಲ್ಲಿದೆ. ಕಪ್ಪು-ಬಿಳಿ ಚೌಕಗಳನ್ನು ಪದೇ ಪದೇ ತೋರಿಸಿ ಮಿದುಳಿನ ವಿದ್ಯುತ್ ಸ್ಪಂದನೆ ಅಳೆಯುವ ವಿಇಪಿ ಪರೀಕ್ಷೆ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಸ್ಪಂದನೆ ಬರಬರುತ್ತಾ ತಗ್ಗುತ್ತದೆ. ಮೈಗ್ರೇನ್ ಇರುವ ಅನೇಕರಲ್ಲಿ ನೋವಿಲ್ಲದ ದಿನಗಳಲ್ಲಿ ಅದು ತಗ್ಗುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಗೋಡೆ ಗಡಿಯಾರದ ಟಿಕ್‌ಟಿಕ್ ಕಿವಿಗೆ ಎಂದೂ ರೂಢಿಯಾಗದ ಹಾಗೆ. ವಿಚಿತ್ರ ಅಂದರೆ, ನೋವು ಬರುವ ಹೊತ್ತಿಗೆ ಇದು ಸಹಜಕ್ಕೆ ಮರಳುವುದನ್ನು ಹಲವು ಅಧ್ಯಯನಗಳು ಕಂಡಿವೆ. ಹಾಗಾಗಿ ಮೈಗ್ರೇನಿನವರ ಮಿದುಳು ಸದಾ ಕೆರಳಿಯೇ ಇರುತ್ತದೆ ಅನ್ನುವುದು ಅರ್ಧ ಸತ್ಯ ಅಂತ ನನ್ನ ಅನಿಸಿಕೆ. (ಇದನ್ನೋದಿ ವಿಇಪಿ ಮಾಡಿಸಲು ಓಡಬೇಡಿ, ಮೈಗ್ರೇನ್ ಪತ್ತೆಗೆ ಅದು ಬೇಕಿಲ್ಲ.)

ಮನೆಯೊಳಗೂ ಕಪ್ಪು ಕನ್ನಡಕ ಹಾಕ್ತೀನಿ ಅಂದಿದ್ದೀರಿ, ಅದನ್ನು ಮಾತ್ರ ಬಿಡಿ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಬೆಳಕು ಇನ್ನಷ್ಟು ಚುಚ್ಚುತ್ತದೆ. ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಗಾಜಿನಿಂದ ಕೆಲವರಿಗೆ ಅನುಕೂಲವಾಗಿದೆ, ನಿಮ್ಮ ನರರೋಗ ತಜ್ಞರನ್ನು ಕೇಳಿ ನೋಡಿ. ಕಣ್ಣ ಮುಂದೆ ಅಂಕುಡೊಂಕು ಮಿಂಚು ಮೊದಲ ಸಲ ಕಂಡರೆ, ಅಥವಾ 1 ಗಂಟೆ ದಾಟಿದರೂ ಹೋಗದಿದ್ದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.