ಪಾದ್ರಿಯಾಗಿದ್ದ ಬ್ಲೈಡನ್ ಇಸ್ಲಾಮಿನ ಪರ ಬರೆದದ್ದು ಯಾಕೆ?

ನೀವು ಕೇಳಿದ್ದು ಇಷ್ಟು: “ಲೈಬೀರಿಯಾದ ಎಡ್ವರ್ಡ್ ವಿಲ್ಮಟ್ ಬ್ಲೈಡನ್ ಕ್ರೈಸ್ತ ಪಾದ್ರಿ. ಆದರೂ ಇಸ್ಲಾಮಿನಿಂದ ಆಫ್ರಿಕಾದವರಿಗೆ ಒಳ್ಳೆಯದಾಗಿದೆ ಅಂತ ಬರೆದರಂತೆ. ಯಾಕೆ? ಕೊನೆಗೆ ಅವರು ಮುಸ್ಲಿಮರಾದರಾ? ಅವರ ಬರಹ ಈಗಲೂ ಓದುವಂಥದ್ದಾ?”

ನಡುವಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಇಲ್ಲ, ಅವರು ಮತ ಬದಲಿಸಲಿಲ್ಲ. 1886ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಕೆಲಸ ಬಿಟ್ಟರು, ಅಷ್ಟೆ. ಆಮೇಲೆ ತಮ್ಮನ್ನು ‘ಸತ್ಯದ ಪಾದ್ರಿ’ ಅಂತ ಕರೆದುಕೊಂಡರು. ಯಾವ ಪಂಗಡಕ್ಕೂ ಕಟ್ಟುಬೀಳಲಿಲ್ಲ. ಮುಸ್ಲಿಮರು ಅವರನ್ನು ತಮ್ಮವರಂತೆ ಕಂಡರು, ಕ್ರೈಸ್ತರು ಪೂರ್ತಿ ಬಿಟ್ಟುಕೊಡಲಿಲ್ಲ.

ಇನ್ನು ‘ಯಾಕೆ’ ಅನ್ನುವುದು. ಬ್ಲೈಡನ್ ಕೇಳುತ್ತಿದ್ದದ್ದು ಯಾವ ಧರ್ಮ ನಿಜ ಅಂತ ಅಲ್ಲ. ಒಂದು ಧರ್ಮವನ್ನು ಊರಿಗೆ ಹೊತ್ತು ತಂದವರು ಯಾರು, ತಂದಮೇಲೆ ಆ ಊರಿನವರ ಕೈಗೆ ಏನು ಕೊಟ್ಟರು ಅಂತ. ಇದನ್ನು ಗಮನಿಸದೆ ಓದಿದರೆ ಅವರು ಸುಮ್ನೆ ಇನ್ನೊಬ್ಬರ ಧರ್ಮವನ್ನು ಹೊಗಳುವ ಪಾದ್ರಿಯ ಹಾಗೆ ಕಾಣುತ್ತಾರೆ.

ಹಿನ್ನೆಲೆ ಸ್ವಲ್ಪ ಬೇಕು. ಬ್ಲೈಡನ್ ಹುಟ್ಟಿದ್ದು ಲೈಬೀರಿಯಾದಲ್ಲಲ್ಲ. 1832ರಲ್ಲಿ, ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೆನ್ಮಾರ್ಕಿನ ಕೈಯಲ್ಲಿತ್ತು. ಅಪ್ಪ ದರ್ಜಿ, ಅಮ್ಮ ಟೀಚರ್, ಇಬ್ಬರೂ ಗುಲಾಮರಲ್ಲ. ಅಕ್ಕಪಕ್ಕದಲ್ಲಿ ಯಹೂದಿ ಮನೆಗಳಿದ್ದವು, ಹಾಗಾಗಿ ಅವರ ಹಬ್ಬ, ಪ್ರಾರ್ಥನೆ ನೋಡುತ್ತಾ ಬೆಳೆದರು. ಹೀಬ್ರೂ ಮೇಲಿನ ಮೋಹ ಅಲ್ಲಿಂದಲೇ. 1850ರಲ್ಲಿ ಪಾದ್ರಿ ಓದಿಗೆಂದು ಅಮೆರಿಕಕ್ಕೆ ಹೋದರೆ ರಟ್ಗರ್ಸ್‌ನ ದೇವಶಾಸ್ತ್ರದ ಕಾಲೇಜು ಬಣ್ಣ ನೋಡಿ ಬಾಗಿಲು ಹಾಕಿತು. ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನು ಬಂದದ್ದೂ ಅದೇ ವರ್ಷ. ಕಪ್ಪು ಹುಡುಗನಿಗೆ ಅಲ್ಲಿ ನಿಲ್ಲುವುದೇ ಅಪಾಯ. ಮರುವರ್ಷದ ಜನವರಿಗೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾ ಸೇರಿದರು, ಹದಿನೆಂಟರ ವಯಸ್ಸಿನಲ್ಲಿ.

ಲೈಬೀರಿಯಾ ಆಗ ಎಳೆಯ ದೇಶ. ಅಮೆರಿಕದಿಂದ ಕಪ್ಪು ಜನರನ್ನು ಅಲ್ಲಿಗೆ ಕರೆತರುವುದು 1822ರಲ್ಲಿ ಶುರುವಾಗಿತ್ತು. 1847ರಲ್ಲಿ ಅವರು ಗಣರಾಜ್ಯ ಅಂತ ಘೋಷಿಸಿಕೊಂಡಿದ್ದರು. ಬಂದವರು ಇಂಗ್ಲಿಷ್ ಆಡುತ್ತಿದ್ದರು, ಸೆಕೆಯಲ್ಲೂ ಕೋಟು ಹಾಕುತ್ತಿದ್ದರು, ಚರ್ಚಿಗೆ ಹೋಗುತ್ತಿದ್ದರು. ಮೊದಲಿನಿಂದ ಅಲ್ಲೇ ಇದ್ದ ಕ್ಪೆಲ್ಲೆ, ಬಾಸಾ, ವಾಯ್, ಗ್ರೆಬೊ ಜನ ಇವರ ಕಣ್ಣಿಗೆ ಕಾಡಿನವರು. ಆ ಜನಕ್ಕೆ ತಮ್ಮದೇ ನೆಲದಲ್ಲಿ ಪೌರತ್ವ ಸಿಕ್ಕಿದ್ದು 1904ರಲ್ಲಿ ಅಂದರೆ ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಒಂದು ಕಾಗದದ ವಿಷಯ ಹೇಳಬೇಕು. 1868ರಲ್ಲಿ ಬೆಂಜಮಿನ್ ಆಂಡರ್ಸನ್ ಅನ್ನುವ ಲೈಬೀರಿಯನ್, ಮನ್ರೋವಿಯಾದಿಂದ ಒಳನಾಡಿಗೆ ಹೊರಟು ಮುಸಾರ್ಡು ಎಂಬ ಊರು ಮುಟ್ಟಿದರು. ಮಂಡಿಂಗೊ ಮುಸ್ಲಿಮರ ಊರು ಅದು, ಈಗ ಗಿನಿ ದೇಶದಲ್ಲಿದೆ. ಅಲ್ಲಿನ ದೊರೆ ಲೈಬೀರಿಯಾದ ಅಧ್ಯಕ್ಷರಿಗೆ ಒಂದು ಪತ್ರ ಕೊಟ್ಟು ಕಳಿಸಿದ. ಬರೆದವನು ಅದೇ ಊರಿನ ಒಬ್ಬ ಮಂಡಿಂಗೊ ಯುವಕ, ಭಾಷೆ ಅರೇಬಿಕ್. 1870ರಲ್ಲಿ ನ್ಯೂಯಾರ್ಕಿನಲ್ಲಿ ಆ ಪತ್ರವನ್ನು ಇದ್ದ ಕೈಬರಹದಲ್ಲೇ ಅಚ್ಚು ಹಾಕಿದರು. ಜೊತೆಗಿದ್ದ ಇಂಗ್ಲಿಷ್ ಅನುವಾದ ಬ್ಲೈಡನ್ ಅವರದ್ದು.

ಈ ಸಂಗತಿಯ ತಮಾಷೆ ಯೋಚಿಸಿ. ‘ಅಕ್ಷರ ಗೊತ್ತಿಲ್ಲದ ಕಾಡು ಜನ’ ರಾಜಧಾನಿಗೆ ಕಾಗದ ಬರೆದಿದ್ದಾರೆ. ಆ ಕಾಗದ ಓದಲು ಬರದೆ ಕೂತವರು ರಾಜಧಾನಿಯವರು! ಬ್ಲೈಡನ್ ಅವರ ಮುಂದಿನ ಬರಹಕ್ಕೆಲ್ಲ ಈ ಒಂದು ಕಾಗದ ಸಾಕ್ಷಿಯ ಹಾಗಿದೆ ಅಂತ ನನಗೆ ಅನಿಸುತ್ತದೆ.

ಅವರಿಗೆ ಅರೇಬಿಕ್ ಹೇಗೆ ಬಂತು? ಲೈಬೀರಿಯಾ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದರು, ಜೊತೆಗೆ ಸ್ವಲ್ಪ ಕಾಲ ಸರ್ಕಾರದ ಕಾರ್ಯದರ್ಶಿಯೂ ಆಗಿದ್ದರು. ಒಳನಾಡಿನಿಂದ ಬರುವ ಮುಸ್ಲಿಂ ವ್ಯಾಪಾರಿಗಳ ಜೊತೆ ಮಾತಾಡಬೇಕು ಅಂದರೆ ಈ ಭಾಷೆ ಬೇಕೇ ಬೇಕು ಅಂತ ಗೊತ್ತಾಯಿತು. 1866ರ ಬೇಸಿಗೆಯಲ್ಲಿ ಲೆಬನಾನಿಗೆ ಹೋಗಿ, ಅಲ್ಲಿದ್ದ ಅಮೆರಿಕನ್ ಮಿಷನರಿಗಳ ನಡುವೆ ಇದ್ದು ಕಲಿತರು. ದಾರಿಯಲ್ಲಿ ಈಜಿಪ್ಟಿನ ದೊಡ್ಡ ಪಿರಮಿಡ್ ನೋಡಿ, ಅದರ ಬಾಗಿಲ ಹತ್ತಿರ ‘ಲೈಬೀರಿಯಾ’ ಅಂತ ಕೆತ್ತಿಸಿ, ಕೆಳಗೆ ತಮ್ಮ ಹೆಸರು, ತಾರೀಖು ಹಾಕಿಸಿದರು. (ಗೋಡೆ ಮೇಲೆ ಹೆಸರು ಕೆತ್ತುವ ಚಟ ನಮ್ಮ ಹಂಪಿ, ಬೇಲೂರಿನ ಪ್ರವಾಸಿಗರಿಗೆ ಮಾತ್ರ ಅಂತ ತಿಳಿದಿದ್ದೆ!) ಊರಿಗೆ ಬಂದವರೇ ಕಾಲೇಜಿನಲ್ಲಿ ಅರೇಬಿಕ್ ಕಲಿಸಲು ಶುರು ಮಾಡಿದರು.

ಒಳನಾಡಿನಲ್ಲಿ ಓಡಾಡಿದಾಗ ಅವರ ಕಣ್ಣಿಗೆ ಬಿದ್ದದ್ದು ಶಾಲೆಗಳು. ಮರದ ಹಲಗೆ ಮೇಲೆ ಮಸಿಯಲ್ಲಿ ಕುರಾನಿನ ಸಾಲು ಬರೆದುಕೊಂಡು ಗಟ್ಟಿಯಾಗಿ ಓದುವ ಹುಡುಗರು. ಪಾಠ ಮುಗಿದರೆ ಹಲಗೆ ತೊಳೆದು ಮುಂದಿನ ಸಾಲು. ಮೇಷ್ಟ್ರು ಅದೇ ಬಣ್ಣದವರು, ಅದೇ ಸೀಮೆಯವರು. ಇಲ್ಲಿ ಧರ್ಮದ ಜೊತೆಗೆ ಲಿಪಿ ಬಂತು, ಲಿಪಿಯ ಜೊತೆಗೆ ದೂರದ ಊರುಗಳೊಡನೆ ಕಾಗದ ವ್ಯವಹಾರ ಬಂತು. ವ್ಯಾಪಾರವಂತೂ ಇದ್ದೇ ಇತ್ತು. ಕುಡಿತ ಬಿಡಬೇಕಾಗಿ ಬಂತು. ಕರಾವಳಿಯಲ್ಲಿ ಆದದ್ದು ಬೇರೆ. ಅಲ್ಲಿಗೆ ಬೈಬಲ್ ಬಂದ ಸಮುದ್ರದಾರಿಯಲ್ಲೇ ಯುರೋಪಿನ ರಮ್ಮು, ಜಿನ್ನಿನ ಪೀಪಾಯಿಗಳೂ ಬಂದು ಇಳಿಯುತ್ತಿದ್ದವು. ಅದಕ್ಕೂ ಮುಂಚೆ ಅದೇ ದಾರಿಯಲ್ಲಿ ಜನರನ್ನೇ ಸಾಗಿಸಿದ್ದರು. ಕ್ರಿಸ್ತನ ಹೆಸರನ್ನು ಆಫ್ರಿಕಾದವನು ಮೊದಲು ಕೇಳಿದ್ದು ಒಡೆಯನ ಬಾಯಿಂದ, ಹೊಲದಲ್ಲಿ ದುಡಿಯುತ್ತಾ. ಇದೇ ಬ್ಲೈಡನ್ ಅವರ ಮುಖ್ಯ ವಾದ. 1875ರಲ್ಲಿ ಲಂಡನ್ನಿನ ‘ಫ್ರೇಸರ್ಸ್ ಮ್ಯಾಗಜೀನ್’ನಲ್ಲಿ ಇದನ್ನು ಬರೆದರು. 1887ರಲ್ಲಿ ಇಂಥ ಲೇಖನ, ಭಾಷಣಗಳೆಲ್ಲ ಸೇರಿ ‘ಕ್ರಿಶ್ಚಿಯಾನಿಟಿ, ಇಸ್ಲಾಂ ಅಂಡ್ ದ ನೀಗ್ರೋ ರೇಸ್’ ಪುಸ್ತಕವಾಯಿತು. ಕಪ್ಪು ಮನುಷ್ಯ ಇಷ್ಟು ಚೆನ್ನಾಗಿ ಬರೆಯಬಲ್ಲನೇ ಅಂತ ಅನುಮಾನ ಪಟ್ಟವರೂ ಇದ್ದರು. ಮರುವರ್ಷದ ಎರಡನೇ ಮುದ್ರಣಕ್ಕೆ ಪಕ್ಕದ ಸಿಯೆರಾ ಲಿಯೋನಿನ ಹೆಸರಾಂತ ವಕೀಲ ಸ್ಯಾಮ್ಯುಯೆಲ್ ಲೂಯಿಸ್ ಮುನ್ನುಡಿ ಬರೆದು ಲೇಖಕರನ್ನು ಪರಿಚಯಿಸಿದರು.

ಆ ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ನ್ಯೂಯಾರ್ಕಿನ ಪ್ರಾರ್ಥನಾ ಸಭೆಯಲ್ಲಿ ಓದುಬರಹವಿಲ್ಲದ ಒಬ್ಬ ಕಪ್ಪು ಮನುಷ್ಯ ದೇವರನ್ನು ಬೇಡಿಕೊಳ್ಳುತ್ತಿದ್ದಾನೆ: ಸ್ವಾಮಿ, ನಿನ್ನ ನೈದಿಲೆಯಂಥ ಬಿಳಿ ಕೈ ಚಾಚಿ ನಮ್ಮನ್ನು ಹರಸು. ಇನ್ನೊಬ್ಬ ಉಪದೇಶ ಮಾಡುತ್ತಾ, ನಾವು ಸ್ವರ್ಗದಲ್ಲಿ ದೇವರ ಹಾಗೇ ಆಗುತ್ತೇವೆ, ನೀಲಿ ಕಣ್ಣು, ಗುಲಾಬಿ ಕೆನ್ನೆ, ಹೊಂಬಣ್ಣದ ಕೂದಲಿನ ಚೆಂದದ ಬಿಳಿಯನನ್ನು ಕಣ್ಣಮುಂದೆ ತಂದುಕೊಳ್ಳಿ ಅಂತಾನೆ. ಬ್ಲೈಡನ್ ಇವರನ್ನು ನೋಡಿ ನಗುವುದಿಲ್ಲ. ಚಿತ್ರ, ವಿಗ್ರಹ, ಪಾಠಪುಸ್ತಕ ಎಲ್ಲದರಲ್ಲೂ ದೇವರು ಬಿಳಿಯನೇ ಆದರೆ, ಅದನ್ನೇ ನೋಡಿ ಬೆಳೆದ ಮಗು ಕನ್ನಡಿ ನೋಡಿದಾಗ ಏನಂದುಕೊಳ್ಳಬೇಕು? ಇಸ್ಲಾಮಿನಲ್ಲಿ ದೇವರಿಗೆ ಚಿತ್ರವೇ ಇಲ್ಲ, ಆದ್ದರಿಂದ ಈ ಕಾಯಿಲೆಯೂ ಇಲ್ಲ ಅನ್ನುತ್ತಾರೆ. ಬಣ್ಣದ ರಾಜಕಾರಣದ ಬಗ್ಗೆ ಆಮೇಲೆ ಎಷ್ಟೋ ಜನ ಎಷ್ಟೋ ಪುಟ ಬರೆದಿದ್ದಾರೆ. ಈ ಇಬ್ಬರ ಮಾತು ನನ್ನ ತಲೆಯಿಂದ ಹೋಗಿಲ್ಲ.

ಹಾಗಂತ ಕ್ರೈಸ್ತ ಧರ್ಮ ಆಫ್ರಿಕಾಕ್ಕೆ ಬೇಡ ಅಂದರಾ? ಖಂಡಿತ ಇಲ್ಲ. ‘ಫಿಲಿಪ್ ಅಂಡ್ ದ ಯೂನಕ್’ ಅನ್ನುವ ಅವರ ಉಪದೇಶ ಓದಿ. ಬೈಬಲಿನಲ್ಲಿ ಇಥಿಯೋಪಿಯಾ ರಾಣಿಯ ಖಜಾಂಚಿಯಾಗಿದ್ದ ಒಬ್ಬ ನಪುಂಸಕನ (ಯೂನಕ್) ಕಥೆ ಇದೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಕ್ರಿಸ್ತನ ಬೋಧಕ ಫಿಲಿಪ್ಪ ಬಂದು ಅರ್ಥ ಹೇಳುತ್ತಾನೆ, ದಾರಿಯಲ್ಲಿ ನೀರು ಸಿಕ್ಕಿದ ಕಡೆ ದೀಕ್ಷಾಸ್ನಾನ ಕೊಡುತ್ತಾನೆ, ಮಾಯವಾಗುತ್ತಾನೆ. ಆ ಮನುಷ್ಯ ಸಂತೋಷದಿಂದ ಊರ ದಾರಿ ಹಿಡಿಯುತ್ತಾನೆ. ಎಲ್ಲ ಪಾದ್ರಿಗಳೂ ದೀಕ್ಷೆಯ ಬಗ್ಗೆ ಮಾತಾಡುವ ಕಥೆ ಇದು. ಬ್ಲೈಡನ್ ನೋಡುವುದು ಅದರ ಕೊನೆಯನ್ನು. ಫಿಲಿಪ್ಪ ಜೊತೆಗೆ ಹೋಗಲಿಲ್ಲ, ಗಮನಿಸಿ! ಬಿತ್ತಿದ ಬೀಜಕ್ಕೆ ನೀರು ಹಾಕುತ್ತೇನೆ ಅಂತ ಇಥಿಯೋಪಿಯಾದಲ್ಲಿ ಬಂಗಲೆ ಕಟ್ಟಲಿಲ್ಲ. ತನ್ನ ಜನಕ್ಕೆ ಹೇಗೆ ಹೇಳಬೇಕೋ ಆ ಮನುಷ್ಯನೇ ಹೇಳಿಕೊಳ್ಳಲಿ. ಒಂದು ಧರ್ಮ ಆಫ್ರಿಕಾಕ್ಕೆ ಬರಬೇಕಾದದ್ದು ಹೀಗೆ ಅನ್ನುವುದು ಅವರ ಮಾತು. ಇಸ್ಲಾಮಿನಲ್ಲಿ ಅವರಿಗೆ ಹಿಡಿಸಿದ್ದೂ ಇದೇ, ಅಲ್ವಾ? ತಂದವರು ಅಲ್ಲಿಯವರೇ.

ಶಿಕ್ಷಣದ ವಿಷಯಕ್ಕೆ ಬಂದರೆ ಇನ್ನೂ ಸ್ವಾರಸ್ಯ. 1881ರಲ್ಲಿ ಲೈಬೀರಿಯಾ ಕಾಲೇಜಿನ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ, ಹುಡುಗರಿಗೆ ಗ್ರೀಕ್, ಲ್ಯಾಟಿನ್, ಗಣಿತ ಕಲಿಸೋಣ, ಹೊಸ ಕಾಲದ ಯುರೋಪಿನ ಸಾಹಿತ್ಯ ಆಮೇಲೆ ನೋಡೋಣ ಅಂದರು. ಆಫ್ರಿಕಾದ ಅಭಿಮಾನಿ ಆಗಿದ್ದೂ ಗ್ರೀಕ್ ಯಾಕೆ ಅಂತ ನಮಗೆ ಆಶ್ಚರ್ಯ. ಅವರ ಕಾರಣ ಸರಳ. ಹಳೆಯ ಗ್ರೀಕ್, ಲ್ಯಾಟಿನ್ ಪುಸ್ತಕಗಳಲ್ಲಿ ಕಪ್ಪು ಜನರನ್ನು ಹೀಗಳೆಯುವ ಒಂದು ಮಾತೂ ತಮಗೆ ಕಂಡಿಲ್ಲ. ಗುಲಾಮರ ವ್ಯಾಪಾರ ಬೆಳೆದ ಕಾಲದ ಪುಸ್ತಕಗಳಲ್ಲಾದರೆ ಆ ವಿಷ ಎಲ್ಲಿ ಬೆರೆತಿದೆ ಅಂತ ಹೇಳಲಾಗದು. ಅರೇಬಿಕ್ ಮತ್ತು ಸುತ್ತಮುತ್ತಲಿನ ಆಫ್ರಿಕನ್ ಭಾಷೆಗಳೂ ಕಾಲೇಜಿನಲ್ಲಿ ಇರಬೇಕು ಅಂದರು. ಇಂಗ್ಲಿಷ್ ಬಿಡಿ ಅನ್ನಲಿಲ್ಲ, ಅದೊಂದೇ ಸಾಲದು ಅಂದರು. ಮನ್ರೋವಿಯಾದ ಮೇಲ್ಜನಕ್ಕೆ ಇದೆಲ್ಲ ರುಚಿಸಲಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. 1830ರ ದಶಕದಲ್ಲೇ ಲೈಬೀರಿಯಾದ ವಾಯ್ ಜನ ತಮ್ಮ ಭಾಷೆಗೆ ತಾವೇ ಲಿಪಿ ಕಟ್ಟಿಕೊಂಡಿದ್ದರು. ಅದರ ಹಿಂದಿದ್ದವರು ಮೊಮೊಲು ದುವಾಲು ಬುಕೆಲೆ. ಕಾಗುಣಿತದ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ ಇದ್ದ ಹಾಗೆ, ಒಟ್ಟು ಇನ್ನೂರಕ್ಕೂ ಜಾಸ್ತಿ. ಇವತ್ತಿಗೂ ಬಳಕೆಯಲ್ಲಿದೆ. ಅಕ್ಷರವಿಲ್ಲದ ನಾಡು ಅಂತ ಬರೆದವರಿಗೆ ಬ್ಲೈಡನ್ ಒಬ್ಬರೇ ಉತ್ತರವಲ್ಲ.

ಸಮಾಜದ ಬಗ್ಗೆ ಅವರ ಕೊನೆಗಾಲದ ಪುಸ್ತಕ ‘ಆಫ್ರಿಕನ್ ಲೈಫ್ ಅಂಡ್ ಕಸ್ಟಮ್ಸ್’, 1908ರದ್ದು. ಒಟ್ಟು ಕುಟುಂಬ, ಎಲ್ಲರಿಗೂ ಸೇರಿದ ಭೂಮಿ, ಹರೆಯದವರಿಗೆ ಕಾಡಿನಲ್ಲಿ ನಡೆಯುವ ದೀಕ್ಷೆಯ ಶಾಲೆಗಳು, ಎಲ್ಲಕ್ಕೂ ಒಂದೊಂದು ಕಾರಣ ಇದೆ ಅಂತ ತೋರಿಸುತ್ತಾರೆ. ಬಹುಪತ್ನಿತ್ವವನ್ನೂ ಸಮರ್ಥಿಸುತ್ತಾರೆ. ಆ ಭಾಗದಲ್ಲಿ ಹೆಂಗಸರ ದನಿ ಎಲ್ಲಿದೆ ಅಂತ ನಾನು ಹುಡುಕಿದೆ, ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಅವರ ಹುಳುಕನ್ನೂ ಹೇಳಬೇಕು. ಒಳನಾಡಿನ ಮುಸ್ಲಿಂ ರಾಜ್ಯಗಳನ್ನು ಹೊಗಳುವಾಗ ಅಲ್ಲಿನ ಗುಲಾಮಗಿರಿಯನ್ನು ಹಗುರವಾಗಿ ದಾಟಿಬಿಡುತ್ತಾರೆ. 1873ರಲ್ಲಿ ಅವರು ಹೋಗಿದ್ದ ಫೂಟಾ ಜಲ್ಲೋನ್ ಅನ್ನುವ ಮುಸ್ಲಿಂ ರಾಜ್ಯದ ರಾಜಧಾನಿ ತಿಂಬೊ ಸುತ್ತ ಹೊಲಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಗುಲಾಮರೇ. ಅಟ್ಲಾಂಟಿಕ್ ಕಡೆಯ ಗುಲಾಮರ ವ್ಯಾಪಾರವನ್ನು ಅಷ್ಟು ಚುರುಕಾಗಿ ನೋಡಿದ ಕಣ್ಣು ಇಲ್ಲಿ ಮಂಜಾಗುತ್ತದೆ. ಎರಡನೆಯದು, ಮಿಶ್ರ ಬಣ್ಣದವರ ಮೇಲಿನ ದ್ವೇಷ. ಮನ್ರೋವಿಯಾದಲ್ಲಿ ತಿಳಿ ಬಣ್ಣದ ಮನೆತನಗಳ ಜೊತೆ ಅವರಿಗೆ ಜಗಳವಿತ್ತು, ಆ ಮನೆತನಗಳ ಅಹಂಕಾರ ನಿಜವೂ ಆಗಿತ್ತು. 1871ರಲ್ಲಿ ಉದ್ರಿಕ್ತ ಗುಂಪಿನ ಕೈಯಿಂದ ತಪ್ಪಿಸಿಕೊಂಡು ಸಿಯೆರಾ ಲಿಯೋನಿಗೆ ಹೋಗಬೇಕಾಯಿತು. ಆದರೆ ಆ ಸಿಟ್ಟನ್ನೇ ರಕ್ತದ ಸಿದ್ಧಾಂತ ಮಾಡಿಕೊಂಡದ್ದು ಬೇಸರ ತರಿಸುತ್ತದೆ. ಮೂರನೆಯದು ಇನ್ನೂ ವಿಚಿತ್ರ. ಬ್ರಿಟಿಷರು, ಫ್ರೆಂಚರು ಬಂದು ಪಶ್ಚಿಮ ಆಫ್ರಿಕಾ ಹಂಚಿಕೊಂಡಾಗ ಅವರು ಹೆಚ್ಚುಕಡಿಮೆ ಸ್ವಾಗತಿಸಿದರು. ಆ ಹವೆಯಲ್ಲಿ ಬಿಳಿಯರು ನೆಲೆಯೂರಲಾರರು, ರಸ್ತೆ, ರೈಲು ಮಾಡಿಕೊಟ್ಟು ಹೋಗುತ್ತಾರೆ ಅಂತ ನಂಬಿದ್ದರು. ಸಿಯೆರಾ ಲಿಯೋನಿನಲ್ಲಿ 1901ರಿಂದ ಕೆಲವು ವರ್ಷ ಬ್ರಿಟಿಷ್ ಸರ್ಕಾರದಡಿ ಮುಸ್ಲಿಂ ಶಿಕ್ಷಣದ ನಿರ್ದೇಶಕರಾಗಿ ಕೆಲಸವನ್ನೂ ಮಾಡಿದರು. 1912ರಲ್ಲಿ ಅಲ್ಲಿನ ರಾಜಧಾನಿ ಫ್ರೀಟೌನ್‌ನಲ್ಲೇ ತೀರಿಕೊಂಡರು.

ಹಾಗಾದರೆ ಓದಬೇಕಾ? ಓದಿ. ಆದರೆ ಜನಾಂಗಗಳ ‘ಗುಣ’ದ ಬಗ್ಗೆ ಅವರು ಬರೆದ ಪುಟಗಳನ್ನು ಹಾರಿಸಿದರೂ ನಷ್ಟವಿಲ್ಲ. ಆಫ್ರಿಕಾದವರು ಹುಟ್ಟಿನಿಂದ ಹೀಗೆ, ಯುರೋಪಿನವರು ಹಾಗೆ ಅನ್ನುವ ಮಾತು ಅವರು ಬೈಯುತ್ತಿದ್ದವರ ಮಾತಿಗಿಂತ ಬಹಳ ದೂರವೇನಿಲ್ಲ. ಕಣ್ಣಾರೆ ಕಂಡು ಬರೆದ ಕಡೆ ಮಾತ್ರ ಅವರನ್ನು ಮೀರಿಸುವವರು ಆ ಕಾಲದಲ್ಲಿ ಕಮ್ಮಿ.

ಎಲ್ಲಿಂದ ಶುರು ಅಂತ ಕೇಳಿದರೆ, ಮೊದಲು ‘ಫಿಲಿಪ್ ಅಂಡ್ ದ ಯೂನಕ್’. ಒಂದು ಸಂಜೆಯ ಓದು. ಆಮೇಲೆ 1881ರ ಭಾಷಣ, ಆಮೇಲೆ 1875ರ ಲೇಖನ. ಮೂರೂ ಆ 1887ರ ಪುಸ್ತಕದಲ್ಲೇ ಇವೆ. ಕಾಪಿರೈಟ್ ಯಾವಾಗಲೋ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತದೆ. ವಾಕ್ಯಗಳು ಉದ್ದ, ಹಳೇ ಕಾಲದ ಉಪದೇಶದ ಇಂಗ್ಲಿಷ್. ಮೊದಮೊದಲು ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ. ಅವರ ಜೀವನ ಗೊತ್ತಾಗಬೇಕಿದ್ದರೆ ಹಾಲಿಸ್ ಲಿಂಚ್ 1967ರಲ್ಲಿ ಬರೆದ ಜೀವನಚರಿತ್ರೆ ಈಗಲೂ ಚೆನ್ನಾಗಿದೆ, ಆದರೆ ಅದಕ್ಕೆ ಲೈಬ್ರರಿಯನ್ನೇ ಹುಡುಕಬೇಕು. ಮುಸಾರ್ಡು ಪತ್ರದ ಕೈಬರಹ ನೋಡುವ ಆಸೆಯಿದ್ದರೆ ಬೆಂಜಮಿನ್ ಆಂಡರ್ಸನ್ ಹೆಸರಲ್ಲಿ ಹುಡುಕಿ, ಅವರ ಪ್ರವಾಸ ಕಥನಕ್ಕೆ ಅನುಬಂಧವಾಗಿ ಅಚ್ಚಾಗಿದೆ.